ಹಿಪ್‌ಹಾಪ್, ಫಂಕ್, ಡಿಸ್ಕೊ ಪ್ಲೇಟುಗಳನ್ನು ನ್ಯೂಜೆರ್ಸಿಯಿಂದ ಊರಿಗೆ ತಂದಿದ್ದು

ಅಮೆರಿಕ ಬಿಟ್ಟು ವಾಪಸ್ ಬರುವವರು ಸೋಫಾ, ಟಿವಿ, ಮಕ್ಕಳ ಸೈಕಲ್ಲು ಹೇಗೆ ತರಬೇಕು ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ಹಳೆಯ ವಿನೈಲ್ ರೆಕಾರ್ಡುಗಳನ್ನು ತರುವುದು ಹೇಗೆ ಅಂತ ಹುಡುಕಿದಾಗ ನನಗೆ ಕನ್ನಡದಲ್ಲಿ ಏನೂ ಸಿಗಲಿಲ್ಲ. ನನ್ನ ಹತ್ತಿರ ಆರುನೂರೈವತ್ತರ ಆಸುಪಾಸು ಇದ್ದವು. ಹೆಚ್ಚಿನವು 1969ರಿಂದ 1986ರ ಒಳಗಿನವು. ಫಂಕ್, ಡಿಸ್ಕೊ, ಮತ್ತೆ ಶುರುವಿನ ದಿನಗಳ ಹಿಪ್‌ಹಾಪ್. ಈಗ ಅವೆಲ್ಲ ಬೆಂಗಳೂರಿನ ಮನೆಯ ಕಪಾಟು ಸೇರಿವೆ. ನಡುವೆ ಏನೇನಾಯಿತು ಅನ್ನುವುದನ್ನು ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಮೊದಲು ಇವು ಹೇಗೆ ಕೂಡಿದವು ಅಂತ ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಇಷ್ಟು ಭಾರವನ್ನು ಯಾಕೆ ಹೊತ್ತು ತಂದೆ ಅನ್ನುವುದು ಅರ್ಥವಾಗುವುದಿಲ್ಲ. ನಾವಿದ್ದದ್ದು ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲಿ. ಪಕ್ಕದ ಊರು ಇಂಗಲ್‌ವುಡ್. ಶುಗರ್ ಹಿಲ್ ರೆಕಾರ್ಡ್ಸ್ ಇದ್ದದ್ದು ಅಲ್ಲೇ. ಸಿಲ್ವಿಯಾ ರಾಬಿನ್ಸನ್ ಎಂಬ ಗಾಯಕಿ ಗಂಡನ ಜೊತೆ ಸೇರಿ ಕಟ್ಟಿದ ಕಂಪನಿ ಅದು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್‌ನ ‘ರ‍್ಯಾಪರ್ಸ್ ಡಿಲೈಟ್’ ಅಲ್ಲಿಂದ ಹೊರಬಂತು. ಅಲ್ಲಿವರೆಗೆ ನ್ಯೂಯಾರ್ಕಿನ ಬ್ರಾಂಕ್ಸ್‌ನ ಬೀದಿ, ಪಾರ್ಕು, ಪಾರ್ಟಿಗಳಲ್ಲಷ್ಟೇ ಕೇಳುತ್ತಿದ್ದ, ತಾಳಕ್ಕೆ ಪ್ರಾಸದ ಮಾತು ಹೇಳುವ ರ‍್ಯಾಪ್ ಅಂಗಡಿಯಲ್ಲಿ ಸಿಗುವ ತಟ್ಟೆಯಾಗಿ ದೇಶವಿಡೀ ಹರಡಿತು. ಅವರ ಸ್ಟುಡಿಯೊ ಕಟ್ಟಡ 2002ರಲ್ಲಿ ಬೆಂಕಿಗೆ ಸುಟ್ಟುಹೋಗಿತ್ತು, ನಾನು ಹೋಗುವಷ್ಟರಲ್ಲಿ ನೋಡಲು ಏನೂ ಉಳಿದಿರಲಿಲ್ಲ. ತಟ್ಟೆಗಳು ಮಾತ್ರ ಉಳಿದಿದ್ದವು. ಗರಾಜ್ ಸೇಲುಗಳಲ್ಲಿ, ಚರ್ಚಿನ ಹಳೆಸಾಮಾನು ಮಾರಾಟದಲ್ಲಿ, ಪ್ರಿನ್ಸ್‌ಟನ್ ರೆಕಾರ್ಡ್ ಎಕ್ಸ್‌ಚೇಂಜ್‌ ಅಂಗಡಿಯ ಅಗ್ಗದ ಬುಟ್ಟಿಗಳಲ್ಲಿ. ಒಂದು ಡಾಲರ್, ಎರಡು ಡಾಲರ್, ಕೆಲವಕ್ಕೆ ಐದು.

ಕೂಡಿಸುತ್ತಾ ಹೋದಂತೆ ಒಂದರಿಂದ ಇನ್ನೊಂದಕ್ಕೆ ದಾರಿ ಕಾಣಿಸಿತು. ‘ರ‍್ಯಾಪರ್ಸ್ ಡಿಲೈಟ್’ನ ಬೇಸ್, ಅಂದರೆ ತಗ್ಗು ಸ್ವರದ ಗಿಟಾರಿನ ಸಾಲು, ಬಂದದ್ದು ಅದೇ 1979ರಲ್ಲಿ ಬಂದ ಶೀಕ್ ತಂಡದ ‘ಗುಡ್ ಟೈಮ್ಸ್’ ಎಂಬ ಡಿಸ್ಕೊ ಹಾಡಿನಿಂದ. ಮೊದಮೊದಲ ಪ್ರತಿಗಳ ಲೇಬಲ್ ಮೇಲೆ ಶೀಕ್‌ನ ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಹೆಸರಿಲ್ಲ. ಅವರು ತಕರಾರು ತೆಗೆದ ಮೇಲೆ ಒತ್ತಿದ ಪ್ರತಿಗಳಲ್ಲಿ ಇದೆ. ಅಂದರೆ ಲೇಬಲ್ ನೋಡಿದರೆ ಜಗಳಕ್ಕೆ ಮುಂಚಿನದೋ ಆಮೇಲಿನದೋ ಅಂತ ಹೇಳಬಹುದು. ನನ್ನ ಹತ್ತಿರ ಎರಡೂ ಇವೆ. ಈ ಎರಡು ಪ್ರತಿಗಳೇ ಕಸ್ಟಮ್ಸ್‌ನಲ್ಲಿ ಪ್ರಶ್ನೆಯಾಗಿ ಎದ್ದವು. ಆ ಮಾತು ಮುಂದೆ ಬರುತ್ತದೆ.

2024ರ ಬೇಸಿಗೆಯಲ್ಲಿ ವಾಪಸ್ ಹೋಗುವುದು ಅಂತ ತೀರ್ಮಾನವಾಯಿತು. ಪರಿಚಯದವರೆಲ್ಲ ಹೇಳಿದ್ದು ಒಂದೇ: ಮಾರಿಬಿಡು, ಹಾಡೆಲ್ಲ ಫೋನಿನಲ್ಲೇ ಸಿಗುತ್ತದೆ ಅಲ್ವಾ? ಸಿಗುತ್ತದೆ, ಆದರೆ ಅದೇ ಹಾಡಲ್ಲ. 1976ರಲ್ಲಿ ಸಾಲ್‌ಸೋಲ್ ಕಂಪನಿ ಡಬಲ್ ಎಕ್ಸ್‌ಪೋಷರ್ ತಂಡದ ‘ಟೆನ್ ಪರ್ಸೆಂಟ್’ ಅನ್ನು ಹನ್ನೆರಡು ಇಂಚಿನ ಸಿಂಗಲ್ ಆಗಿ ತಂದಿತು. ಅಂಗಡಿಯಲ್ಲಿ ಜನರಿಗೆ ಮಾರಿದ ಮೊದಲ ಹನ್ನೆರಡು ಇಂಚಿನ ಸಿಂಗಲ್ ಅದು. ವಾಲ್ಟರ್ ಗಿಬನ್ಸ್ ಎಂಬ ಡಿಜೆ ಅದನ್ನು ಒಂಬತ್ತು ನಿಮಿಷ ದಾಟುವಂತೆ ಹಿಗ್ಗಿಸಿದ್ದ. ಒಂದು ಬದಿಗೆ ಒಂದೇ ಹಾಡು. ಗೆರೆಗಳ ನಡುವೆ ಧಾರಾಳ ಜಾಗ. ಬೇಸ್ ಬಂದಾಗ ನೆಲ ಅದುರುತ್ತದೆ. ಇಂಥದ್ದನ್ನು ಕೊಟ್ಟುಬಿಡಲು ನನಗೆ ಮನಸ್ಸು ಬರಲಿಲ್ಲ.

ಪಟ್ಟಿ

ನಾನು ಹೇಳುವ ಎಲ್ಲದರಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಪೆಟ್ಟಿಗೆ ಕಟ್ಟುವ ಮೊದಲು ಪಟ್ಟಿ ಮಾಡಿ. ನಂತರ ಬಂದ ಪ್ರತಿಯೊಂದು ತೊಡಕೂ ಪಟ್ಟಿಯಿಂದಲೇ ಬಿಡಿಸಿಕೊಂಡಿದ್ದು.

ಸುಮ್ನೆ ಹಾಡು, ಹಾಡುಗಾರರ ಹೆಸರು ಬರೆದರೆ ಸಾಲದು. ರೆಕಾರ್ಡಿನ ಕೊನೆಯ ಹಾಡಿಗೂ ಲೇಬಲ್ಲಿಗೂ ನಡುವೆ ಖಾಲಿ ಜಾಗ ಇರುತ್ತದೆ. ಅಲ್ಲಿ ಕೈಯಿಂದ ಕೆತ್ತಿದ ಅಥವಾ ಮುದ್ರೆ ಹೊಡೆದ ಸಂಖ್ಯೆ ಇರುತ್ತದೆ. ಅದೇ ಮ್ಯಾಟ್ರಿಕ್ಸ್ ನಂಬರ್. ಕೆಲವದರಲ್ಲಿ ಸ್ಟರ್ಲಿಂಗ್, ಮಾಸ್ಟರ್‌ಡಿಸ್ಕ್ ಅಂತ ಮೂಲ ಅಚ್ಚಿಗೆ ಗೆರೆ ಕೊರೆದ ಸ್ಟುಡಿಯೊದ ಮುದ್ರೆಯೂ ಇರುತ್ತದೆ. ಮೂಲ ಪ್ರತಿ ಯಾವುದು, ಮರುಮುದ್ರಣ ಯಾವುದು, ಕಳ್ಳ ಪ್ರತಿ ಯಾವುದು ಅಂತ ಕವರ್ ನೋಡಿ ಹೇಳುವುದು ಕಷ್ಟ, ಈ ಸಂಖ್ಯೆ ನೋಡಿದರೆ ಜಾಸ್ತಿ ಸುಲಭ. ಹಿಪ್‌ಹಾಪ್ ಮತ್ತು ಡಿಸ್ಕೊ ಸಿಂಗಲ್‌ಗಳಲ್ಲಿ ಕಳ್ಳ ಪ್ರತಿ ತುಂಬಾ ಇವೆ. ಹೊರಡುವ ಮೊದಲು ಒಬ್ಬ ಮಾರಾಟಗಾರರು ಮೂಲ ಪ್ರತಿ ಅಂತ ದುಬಾರಿ ಬೆಲೆಗೆ ತೋರಿಸಿದ ಫಂಕ್ ಸಿಂಗಲ್ ಒಂದನ್ನು ನಾನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಮ್ಯಾಟ್ರಿಕ್ಸ್ ಸಂಖ್ಯೆ ಬೇರೆಯೇ ಇತ್ತು. ಅಲ್ಲೇ ಇಟ್ಟು ಬಂದೆ.

ಡಿಸ್ಕಾಗ್ಸ್ ಎಂಬ ರೆಕಾರ್ಡುಗಳ ಜಾಲತಾಣದಲ್ಲಿ ಪ್ರತಿ ಮುದ್ರಣಕ್ಕೂ ಬೇರೆ ಬೇರೆ ಪುಟ ಇದೆ. ಮ್ಯಾಟ್ರಿಕ್ಸ್ ನೋಡಿ ಸರಿಯಾದ ಪುಟ ಹಿಡಿದು ನಮ್ಮ ಸಂಗ್ರಹಕ್ಕೆ ಸೇರಿಸಿದರೆ, ಕೊನೆಗೆ ಪೂರ್ತಿ ಪಟ್ಟಿಯನ್ನು ಕಡತವಾಗಿ ಇಳಿಸಿಕೊಳ್ಳಬಹುದು. ಸ್ಥಿತಿಯನ್ನು ಗೋಲ್ಡ್‌ಮೈನ್ ಪದ್ಧತಿಯಲ್ಲಿ ಬರೆಯಿರಿ. ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ಹೀಗೆ ಇಳಿಯುತ್ತಾ ಹೋಗುತ್ತದೆ. ತಟ್ಟೆಗೆ ಒಂದು, ಕವರಿಗೆ ಇನ್ನೊಂದು. ಕವರಿನ ಮೂಲೆ ಕತ್ತರಿಸಿದ್ದರೆ, ತೂತು ಕೊರೆದಿದ್ದರೆ, ಗರಗಸದ ಗೀರಿದ್ದರೆ ಅದನ್ನೂ ಬರೆಯಿರಿ. ಅದು ಹಾನಿಯಲ್ಲ. ಮಾರಾಟವಾಗದೆ ಉಳಿದ ಮಾಲನ್ನು ಕಂಪನಿಗಳು ಹಾಗೆ ಗುರುತು ಮಾಡಿ ಅಗ್ಗಕ್ಕೆ ಬಿಡುತ್ತಿದ್ದವು. ಮುಂದೆ ವಿಮೆಯವರು ಅದನ್ನೇ ತೋರಿಸಿ ವಾದ ಮಾಡಬಾರದು.

ಈ ಕೆಲಸ ರಾತ್ರಿ ಊಟ ಆದ ಮೇಲೆ, ವಾರಗಟ್ಟಲೆ ನಡೆಯಿತು. ಬೇಸರ ಬರಲಿಲ್ಲ. ಜೇಮ್ಸ್ ಬ್ರೌನ್‌ನ ‘ಫಂಕಿ ಡ್ರಮ್ಮರ್’ನ 1970ರ ಕಿಂಗ್ ಕಂಪನಿಯ ಏಳು ಇಂಚಿನ ಪ್ರತಿ ಕೈಗೆ ಬಂದಾಗ ಪಟ್ಟಿ ಬದಿಗಿಟ್ಟು ಕೇಳಿದೆ. ಅದರಲ್ಲಿ ಡ್ರಮ್ ಬಾರಿಸಿದ್ದು ಕ್ಲೈಡ್ ಸ್ಟಬಲ್‌ಫೀಲ್ಡ್. ಆ ಕೆಲವೇ ಸೆಕೆಂಡಿನ ಡ್ರಮ್ ತುಣುಕನ್ನು ನಂತರ ಹಿಪ್‌ಹಾಪ್‌ನವರು ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿ ಬಳಸಿದರು. ಬಾರಿಸಿದವರಿಗೆ ಅದರಿಂದ ಬಂದದ್ದು ಅತಿ ಕಮ್ಮಿ. 1969ರಲ್ಲಿ ‘ಅಮೆನ್, ಬ್ರದರ್’ನಲ್ಲಿ ಬಾರಿಸಿದ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್ಮನ್ ಕತೆಯೂ ಇದೇ. ಅದು ಬರೀ ಸಿಂಗಲ್ಲಿನ ಹಿಂಬದಿಯ ಹಾಡು. ಇದನ್ನೆಲ್ಲ ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ಬರೆದಿಟ್ಟೆ. ಕಸ್ಟಮ್ಸ್‌ಗೆ ಬೇಕಿಲ್ಲ, ನನಗೆ ಬೇಕಿತ್ತು.

ಬೆಲೆ ಮತ್ತು ನಿಯಮ

ನಾನು ಬಂದಾಗ ಚಾಲ್ತಿಯಲ್ಲಿದ್ದದ್ದು 2016ರ ಬ್ಯಾಗೇಜ್ ನಿಯಮ. ನಿಮ್ಮ ಹೊತ್ತಿಗೆ ಯಾವುದಿದೆ ಅಂತ ನೋಡಿಕೊಂಡೇ ಹೊರಡಿ. ಆ ನಿಯಮದ ಪ್ರಕಾರ, ಎರಡು ವರ್ಷ ಅಥವಾ ಜಾಸ್ತಿ ಹೊರಗಿದ್ದು ವಾಸ ಬದಲಿಸಿ ಬರುವವರು ಬಳಸಿದ ಮನೆಸಾಮಾನನ್ನು 5 ಲಕ್ಷ ರೂಪಾಯಿವರೆಗೆ ಸುಂಕವಿಲ್ಲದೆ ತರಬಹುದಿತ್ತು. ಆ ಎರಡು ವರ್ಷಗಳಲ್ಲಿ ಊರಿಗೆ ಬಂದುಹೋದ ದಿನ ಎಲ್ಲ ಸೇರಿ ಆರು ತಿಂಗಳು ಮೀರಬಾರದಿತ್ತು. ಸಾಮಾನು ನೀವು ಬರುವುದಕ್ಕೆ ಎರಡು ತಿಂಗಳಿಗಿಂತ ಮೊದಲೇ ಬಂದಿಳಿಯಬಾರದಿತ್ತು, ನೀವು ಬಂದ ಒಂದು ತಿಂಗಳೊಳಗೆ ಅಲ್ಲಿಂದ ಹೊರಟಿರಬೇಕಿತ್ತು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಜೊತೆಗೆ ಬರುವ ಬ್ಯಾಗಿಗೆ ಸಿಗುತ್ತಿದ್ದ 50,000 ರೂಪಾಯಿ ವಿನಾಯಿತಿ ಬೇರೆಯಾಗಿ ಹಡಗಿನಲ್ಲಿ ಬರುವ ಪೆಟ್ಟಿಗೆಗಳಿಗೆ ಸಿಗುತ್ತಿರಲಿಲ್ಲ.

ಡಿಸ್ಕಾಗ್ಸ್‌ನಲ್ಲಿ ಹಿಂದೆ ಮಾರಾಟವಾದ ಬೆಲೆ ತೋರಿಸುತ್ತಾರೆ. ಅದರಲ್ಲಿ ನಡುವಿನ ಬೆಲೆ ಹಿಡಿದು ಕೂಡಿದಾಗ ಹಡಗಿಗೆ ಹೋಗುವ ಪಾಲು 4,500 ಡಾಲರ್ ಸುಮಾರಿಗೆ ಬಂತು. ಆಗಿನ ದರದಲ್ಲಿ 3 ಲಕ್ಷ 80 ಸಾವಿರದ ಹತ್ತಿರ. ಉಳಿದ ಮನೆಸಾಮಾನನ್ನು ಕಮ್ಮಿ ಮಾಡಿ 5 ಲಕ್ಷದೊಳಗೆ ಹೊಂದಿಸಿದೆ.

ಸಾಗಣೆ ಏಜೆಂಟರು ಒಬ್ಬರು, ‘ಒಂದೊಂದಕ್ಕೆ ಒಂದು ಡಾಲರ್ ಅಂತ ಹಾಕಿ, ತಲೆನೋವು ಇರಲ್ಲ’ ಅಂದರು. ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಅದು ಸುಳ್ಳು ಹೇಳಿಕೆ. ಅದೂ ಅಲ್ಲದೆ, ಪೆಟ್ಟಿಗೆ ನೀರಿಗೆ ನೆನೆದು ಹಾಳಾದರೆ ವಿಮೆಯವರು ಕೊಡುವುದೂ ಒಂದು ಡಾಲರೇ. ಕಸ್ಟಮ್ಸ್‌ಗೂ ವಿಮೆಗೂ ಒಂದೇ ಪಟ್ಟಿ, ಒಂದೇ ಬೆಲೆ ಇರಲಿ. ವಿಮೆ ಮಾಡಿಸುವಾಗ ಪೂರ್ತಿ ನಷ್ಟಕ್ಕೆ ಮಾತ್ರವೋ, ಎಲ್ಲ ಬಗೆಯ ಹಾನಿಗೋ ಅಂತ ಕೇಳಿ. ಅಗ್ಗದ ವಿಮೆ ಹಡಗೇ ಮುಳುಗಿದರೆ ಮಾತ್ರ ಹಣ ಕೊಡುತ್ತದೆ.

ಕಟ್ಟುವುದು

ಎಲ್ಲಕ್ಕಿಂತ ಮೊದಲು ತೊಳೆದೆ. ಕೊಳೆ, ಬೆರಳಿನ ಜಿಡ್ಡು ಇದ್ದರೆ ಹಡಗಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಡಿಸ್ಟಿಲ್ಡ್ ನೀರು, ಮೆತ್ತನೆಯ ಬ್ರಷ್ಷು. ಪೂರ್ತಿ ಒಣಗುವವರೆಗೆ ಒಳಗೆ ಹಾಕುವಂತಿಲ್ಲ. ಹಳೆಯ ಕಾಗದದ ಒಳಚೀಲ ತೆಗೆದು ಪಾಲಿಥೀನ್ ಪದರ ಇರುವ ಹೊಸ ಚೀಲ ಹಾಕಿದೆ. ಮೂಲ ಚೀಲವನ್ನು ಎಸೆಯಬೇಡಿ, ಕವರಿನೊಳಗೇ ಇಡಿ. ಪಿವಿಸಿ ಚೀಲ ಮಾತ್ರ ಬೇಡ, ವರ್ಷಗಳು ಕಳೆದರೆ ತಟ್ಟೆಯ ಮೇಲೆ ಮಬ್ಬು ಹಿಡಿಸುತ್ತದೆ.

ಮುಖ್ಯವಾದದ್ದು, ತಟ್ಟೆಯನ್ನು ಕವರಿನಿಂದ ಹೊರಗೆ ತೆಗೆದು ಕವರಿನ ಹಿಂದೆ ಇಟ್ಟು ಎರಡನ್ನೂ ಒಂದೇ ಹೊರಚೀಲಕ್ಕೆ ಹಾಕಬೇಕು. ಕವರಿನೊಳಗೇ ಬಿಟ್ಟರೆ ಪೆಟ್ಟಿಗೆ ಎತ್ತಿ ಕುಕ್ಕಿದಾಗ ತಟ್ಟೆ ಕತ್ತಿಯ ಹಾಗೆ ಕೆಳಗಿನ ಅಂಚನ್ನು ಸೀಳಿಬಿಡುತ್ತದೆ. ಮೂಲ ಪ್ಲಾಸ್ಟಿಕ್ ಸುತ್ತು ಬಿಗಿಯಾಗಿ ಉಳಿದಿದ್ದರೆ ಬಿಡಿಸಿ. ಶಾಖಕ್ಕೆ ಅದು ಇನ್ನೂ ಬಿಗಿದು ತಟ್ಟೆಯನ್ನೇ ಬಗ್ಗಿಸುತ್ತದೆ. ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಬಿಡಿಸಿ.

ಅಮೆರಿಕದಲ್ಲಿ ಮನೆ ಬದಲಿಸುವವರು ಬಳಸುವ ಒಂದೂವರೆ ಘನ ಅಡಿಯ ಚಿಕ್ಕ ಪೆಟ್ಟಿಗೆ ಹನ್ನೆರಡು ಇಂಚಿನ ಎಲ್‌ಪಿಗೆ ಸರಿಯಾಗಿ ಹೊಂದುತ್ತದೆ. ಒಂದರಲ್ಲಿ ಎಪ್ಪತ್ತರ ತನಕ, ನೇರವಾಗಿ ನಿಲ್ಲಿಸಿ. ಅಡ್ಡ ಮಲಗಿಸಬೇಡಿ. ಕವರ್ ಸೇರಿ ಒಂದು ಎಲ್‌ಪಿ ಕಾಲು ಕಿಲೊ ಹತ್ತಿರ ತೂಗುತ್ತದೆ, ಪೆಟ್ಟಿಗೆ ಹದಿನೇಳು ಹದಿನೆಂಟು ಕಿಲೊ ಆಗುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟಿಗೆ ಆದರೆ ಎತ್ತುವವರು ಎಸೆಯುತ್ತಾರೆ. ಎಲ್ಲವನ್ನೂ ಒಂದೇ ಮರದ ಚೌಕಟ್ಟಿನ (ಪ್ಯಾಲೆಟ್) ಮೇಲೆ ಕಟ್ಟಿಸಿದೆ. ಆ ಮರಕ್ಕೆ ಐಎಸ್‌ಪಿಎಂ 15 ಎಂಬ ಮುದ್ರೆ ಇರಬೇಕು, ಹುಳ ಸಾಯಿಸಲು ಕಾಯಿಸಿದ ಮರ ಅನ್ನುವುದಕ್ಕೆ ಗುರುತು. ಇಲ್ಲದಿದ್ದರೆ ಬಂದರಿನಲ್ಲೇ ತಡೆಯಬಹುದು.

ತುಂಬಾ ಇಷ್ಟದ ಕೆಲವನ್ನು ಕೈಚೀಲದಲ್ಲಿ ತಂದೆ. ಸಾಲ್‌ಸೋಲ್ ಸಿಂಗಲ್‌ಗಳು, ಕಿಂಗ್ ಕಂಪನಿಯ ಏಳಿಂಚುಗಳು, ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಡಿಜೆ 1981ರಲ್ಲಿ ರೆಕಾರ್ಡು ತಿರುಗಿಸುವ ಮೂರು ಟರ್ನ್‌ಟೇಬಲ್ ಇಟ್ಟುಕೊಂಡು ಮಾಡಿದ ‘ವೀಲ್ಸ್ ಆಫ್ ಸ್ಟೀಲ್’. ವಿಮಾನ ನಿಲ್ದಾಣದ ಎಕ್ಸ್‌ರೇಯಿಂದ ವಿನೈಲಿಗೆ ಏನೂ ಆಗುವುದಿಲ್ಲ, ಹೆದರಬೇಡಿ.

ಕಾಯುವುದು

ನವೆಂಬರಿನಲ್ಲಿ ನ್ಯೂಅರ್ಕ್ ಬಂದರಿನಿಂದ ಹೊರಟಿತು. ಆ ತಿಂಗಳನ್ನು ಬೇಕೆಂದೇ ಆರಿಸಿದ್ದು. ಬಿಸಿಲಿಗೆ ನಿಂತ ಕಂಟೇನರಿನೊಳಗೆ ಕಾವು ಏರಿದರೆ ವಿನೈಲ್ ಮೆತ್ತಗಾಗುತ್ತದೆ. ಏಪ್ರಿಲ್, ಮೇನಲ್ಲಿ ಚೆನ್ನೈ ಬಂದರಿಗೆ ಇಳಿಯುವ ಹಾಗೆ ಯಾವತ್ತೂ ಕಳಿಸಬೇಡಿ.

ಕೆಂಪು ಸಮುದ್ರದಲ್ಲಿ 2023ರ ಕೊನೆಯಿಂದ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದುದರಿಂದ ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಬರುತ್ತಿದ್ದವು. ನನ್ನದೂ ಹಾಗೇ ಬಂತು. ಸಮಭಾಜಕ ರೇಖೆಯನ್ನು ಎರಡು ಸಲ ದಾಟಿ, ಗುಡ್ ಹೋಪ್ ಭೂಶಿರ ಬಳಸಿ, ಕೊಲಂಬೊದಲ್ಲಿ ಹಡಗು ಬದಲಿಸಿ ಚೆನ್ನೈ. ಹೇಳಿದ ತಾರೀಖು ಜಾರುತ್ತಾ ಹೋಯಿತು. ಕೊಲಂಬೊದಲ್ಲಿ ಸುಮಾರು ಸಮಯ ಒಂದೇ ಕಡೆ ನಿಂತಿತ್ತು. ಆ ದಿನಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ರಾತ್ರಿ ಎದ್ದು ಹಡಗಿನ ಜಾಡು ನೋಡುತ್ತಿದ್ದೆ. ಅಪ್ಪ ಮಾತ್ರ, ‘ಪ್ಲೇಟು ಬರ್ತವೆ ಬಿಡೋ’ ಅನ್ನುತ್ತಿದ್ದರು. ಅವರ ಕಾಲದಲ್ಲಿ ಬೋನಿ ಎಂ, ಅಬ್ಬಾ ತಂಡಗಳ ರೆಕಾರ್ಡುಗಳು ಇಲ್ಲೇ ಒತ್ತಿ ಮಾರಾಟವಾಗುತ್ತಿದ್ದವು. ಡಿಸ್ಕೊ ಅಂದರೆ ಅವರಿಗೆ ಅಷ್ಟು ಹೊಸದೇನಲ್ಲ.

ಕಾಗದಪತ್ರ ಮತ್ತು ತಪಾಸಣೆ

ಪೆಟ್ಟಿಗೆ ಬಂತು, ಆದರೆ ಬಿಡುಗಡೆ ಆಗಲಿಲ್ಲ. ಹಡಗಿನ ಬಿಲ್ಲಿನಲ್ಲಿ (ಬಿಲ್ ಆಫ್ ಲೇಡಿಂಗ್) ‘1 ಪ್ಯಾಲೆಟ್’ ಅಂತಿತ್ತು, ನನ್ನ ಪಟ್ಟಿಯಲ್ಲಿ ಪೆಟ್ಟಿಗೆಗಳ ಲೆಕ್ಕ ಇತ್ತು. ಎರಡೂ ತಾಳೆಯಾಗಲಿಲ್ಲ. ಏಜೆಂಟರ ಕಚೇರಿಯಿಂದ ತಿದ್ದುಪಡಿ ಬರುವವರೆಗೆ ಗೋದಾಮಿನ ಬಾಡಿಗೆ ಏರುತ್ತಲೇ ಇತ್ತು. ನೀವು ಕರಡು ಬಿಲ್ ಬಂದ ಕೂಡಲೇ ಓದಿ, ಪ್ಯಾಲೆಟ್ ಜೊತೆಗೆ ಪೆಟ್ಟಿಗೆಗಳ ಸಂಖ್ಯೆಯನ್ನೂ ಹಾಕಿಸಿ.

ಕೇಳಿದ ಕಾಗದಗಳು ಇವು: ಮೂಲ ಪಾಸ್‌ಪೋರ್ಟು, ಅದರ ಎಲ್ಲ ಪುಟಗಳ ನಕಲು, ವೀಸಾ, ಸಹಿ ಮಾಡಿದ ಪಟ್ಟಿ, ಹಡಗಿನ ಬಿಲ್, ಏಜೆಂಟರಿಗೆ ಅಧಿಕಾರ ಪತ್ರ, ಆಧಾರ್, ಪ್ಯಾನ್, ಮತ್ತೆ ನಾನು ಬಂದ ವಿಮಾನದ ಬೋರ್ಡಿಂಗ್ ಪಾಸ್. ಫೋನಿನಲ್ಲಿರುವ ಬೋರ್ಡಿಂಗ್ ಪಾಸ್ ಪ್ರಯಾಣ ಮುಗಿದ ಮೇಲೆ ಮಾಯವಾಗಬಹುದು, ಕಾಗದದ್ದನ್ನೇ ತೆಗೆದುಕೊಳ್ಳಿ. ಪಾಸ್‌ಪೋರ್ಟು ಕೊಟ್ಟಿರುವ ದಿನಗಳಲ್ಲಿ ಬೇರೆ ಕೆಲಸಕ್ಕೆ ಅದು ಸಿಗುವುದಿಲ್ಲ ಅನ್ನುವುದೂ ನೆನಪಿರಲಿ.

ತಪಾಸಣೆಗೆ ನಾನೇ ಹೋದೆ. ಅಧಿಕಾರಿ ಎರಡು ಪೆಟ್ಟಿಗೆ ತೆಗೆಸಿದರು. ಪಟ್ಟಿ ಹಿಡಿದು ನೋಡುತ್ತಾ ಹೋದವರು ಒಂದು ಕಡೆ ನಿಂತರು. ‘ಒಂದೇ ರೆಕಾರ್ಡು ಎರಡೆರಡು ಇವೆ. ಅಂಗಡಿ ಇಡೋದಕ್ಕಾ?’

ಪ್ರಶ್ನೆ ಸರಿಯಾದದ್ದೇ. ವ್ಯಾಪಾರದ ಮಾಲಾದರೆ ಮನೆಸಾಮಾನಿನ ರಿಯಾಯಿತಿ ಸಿಗುವುದಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯಿಂದ ಹಿಪ್‌ಹಾಪ್ ಶುರುವಾಯಿತು ಅನ್ನುತ್ತಾರೆ. ಹಾಡಿನಲ್ಲಿ ಮಾತೆಲ್ಲ ನಿಂತು ಬರೀ ಡ್ರಮ್ ಬರುವ ತುಣುಕಿಗೆ ಜನ ಜಾಸ್ತಿ ಕುಣಿಯುತ್ತಾರೆ ಅನ್ನುವುದನ್ನು ಹರ್ಕ್ ಗಮನಿಸಿದ. ಅದನ್ನು ಬ್ರೇಕ್ ಅನ್ನುತ್ತಾರೆ. ಅದು ಕೆಲವೇ ಸೆಕೆಂಡು. ಅದೇ ರೆಕಾರ್ಡಿನ ಎರಡು ಪ್ರತಿಯನ್ನು ಎರಡು ಟರ್ನ್‌ಟೇಬಲ್ ಮೇಲಿಟ್ಟು, ಒಂದರಲ್ಲಿ ಮುಗಿಯುವಾಗ ಇನ್ನೊಂದರಲ್ಲಿ ಶುರು ಮಾಡಿದರೆ ಬ್ರೇಕ್ ಎಷ್ಟು ಹೊತ್ತು ಬೇಕಾದರೂ ನಡೆಯುತ್ತದೆ. ಹಾಗಾಗಿ ಇದನ್ನು ಕೂಡಿಸುವವರು ಜೋಡಿ ಇಟ್ಟುಕೊಳ್ಳುತ್ತಾರೆ. ಆಮೇಲೆ ‘ರ‍್ಯಾಪರ್ಸ್ ಡಿಲೈಟ್’ನ ಎರಡು ಲೇಬಲ್ ಪಕ್ಕಪಕ್ಕ ಹಿಡಿದು, ಒಂದರಲ್ಲಿ ಹೆಸರಿದೆ, ಇನ್ನೊಂದರಲ್ಲಿ ಇಲ್ಲ ಅಂತ ತೋರಿಸಿದೆ. ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಮ್ಯಾಟ್ರಿಕ್ಸ್ ನಂಬರ್ ಇತ್ತು. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ತಾವೇ ಓದಿ ತಾಳೆ ನೋಡಿದರು. ಇನ್ನೂ ನಾಲ್ಕೈದು ತೆಗೆದು ನೋಡಿದರು. ಎಲ್ಲ ಸರಿಯಿತ್ತು. ಸುಂಕ ಬೀಳಲಿಲ್ಲ.

ಆ ಕ್ಷಣ ನನಗೆ ಕಣ್ಣು ತುಂಬಿ ಬಂತು. ಅಷ್ಟೂ ರಾತ್ರಿಗಳಲ್ಲಿ ಕೂತು ಬರೆದ ಸಂಖ್ಯೆಗಳನ್ನು ಇನ್ನೊಬ್ಬರು ಇಷ್ಟು ಗಮನವಿಟ್ಟು ಓದುತ್ತಿದ್ದರು.

ಖರ್ಚು

ಮನೆಯಿಂದ ಬಂದರು, ಹಡಗು, ವಿಮೆ ಸೇರಿ 1,500 ಡಾಲರ್ ಸುಮಾರು. ಪೆಟ್ಟಿಗೆಗಳು ಅರ್ಧ ಘನ ಮೀಟರ್ ಕೂಡ ಇರಲಿಲ್ಲ, ಆದರೂ ಕನಿಷ್ಠ ಒಂದು ಘನ ಮೀಟರಿನ ದುಡ್ಡು ಕೊಡಬೇಕಾಯಿತು. ಇಲ್ಲಿಗೆ ಬಂದ ಮೇಲೆ ಬಂದರಿನ ಶುಲ್ಕ, ಗೋದಾಮು, ಡೆಲಿವರಿ ಆರ್ಡರ್, ಏಜೆಂಟರ ಕೂಲಿ, ಲಾರಿ ಅಂತ 38,000 ರೂಪಾಯಿ ಹತ್ತಿರ ಆಯಿತು. ಇದರಲ್ಲಿ ಒಂದೂ ಮೊದಲ ಕೊಟೇಷನ್ನಿನಲ್ಲಿ ಇರಲಿಲ್ಲ. ಕೊಟೇಷನ್ ಕೇಳುವಾಗ ‘ಇಳಿಯುವ ಕಡೆಯ ಎಲ್ಲ ಶುಲ್ಕ ಸೇರಿ’ ಅಂತ ಬರಹದಲ್ಲಿ ಪಡೆಯಿರಿ.

ಮನೆಗೆ ಬಂದ ಮೇಲೆ

ಒಂದು ಪೆಟ್ಟಿಗೆಯ ಮೂಲೆ ಜಜ್ಜಿಹೋಗಿತ್ತು. ಅದರಲ್ಲಿ ಹತ್ತಾರು ಕವರುಗಳ ಮೂಲೆ ಮಡಚಿದ್ದವು, ಮೂರು ತಟ್ಟೆ ಬಾಗಿದ್ದವು. ಉಳಿದದ್ದೆಲ್ಲ ಚೆನ್ನಾಗಿವೆ. ಹೊರಗೆ ತೆಗೆದಿಟ್ಟಿದ್ದರಿಂದ ಒಂದು ಕವರೂ ಸೀಳಿಲ್ಲ. ಪೆಟ್ಟಿಗೆ ಒಡೆಯುವ ಮೊದಲೇ ಎಲ್ಲ ಮಗ್ಗುಲಿನ ಫೋಟೊ ತೆಗೆಯಿರಿ, ಸಾಮಾನು ತಲುಪಿದ ರಸೀದಿಯ ಮೇಲೆ ಹಾನಿಯನ್ನು ಬರೆದು ಸಹಿ ಮಾಡಿ.

ಟರ್ನ್‌ಟೇಬಲ್ ವಿಷಯಕ್ಕೆ ಬಂದರೆ, ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಎಸಿ ಮೋಟರಿನ ಹಳೆಯ ಬೆಲ್ಟ್ ಟರ್ನ್‌ಟೇಬಲ್ ಕರೆಂಟಿನ ಹರ್ಟ್ಸ್ ನೋಡಿಕೊಂಡೇ ತಿರುಗುತ್ತದೆ. ಹಾಗಾಗಿ ಇಲ್ಲಿ ಆರರಲ್ಲಿ ಐದು ಪಾಲು ವೇಗ, ಮೂವತ್ಮೂರರ ಬದಲು ಇಪ್ಪತ್ತೆಂಟರ ಹತ್ತಿರ. ಅದನ್ನು ಅಲ್ಲೇ ಕೊಟ್ಟು ಬಂದೆ. ಟೆಕ್ನಿಕ್ಸ್ ಎಸ್‌ಎಲ್ 1200 ಎಂಕೆ2 ತಂದೆ. ಅದರ ವೇಗವನ್ನು ಒಳಗಿನ ಕ್ವಾರ್ಟ್ಜ್ ಹರಳು ಹಿಡಿದಿಡುತ್ತದೆ, ಟ್ರಾನ್ಸ್‌ಫಾರ್ಮರ್ ಒಂದಿದ್ದರೆ ಸಾಕು. ಸಾಗಿಸುವಾಗ ತಿರುಗುವ ತಟ್ಟೆ, ಭಾರದ ಗುಂಡು, ಸೂಜಿಯ ಭಾಗ ಬಿಚ್ಚಿ ಬೇರೆ ಸುತ್ತಿ, ತೋಳನ್ನು ಕಟ್ಟಿ.

ವಿಮೆಗೆ ಅರ್ಜಿ ಹಾಕಿದ್ದೇನೆ. ಬಾಗಿದ ಮೂರು ತಟ್ಟೆಗಳಿಗೂ ಮಡಚಿದ ಕವರುಗಳಿಗೂ ಹಳೆಯ ಸ್ಥಿತಿ, ಈಗಿನ ಸ್ಥಿತಿ, ಬೆಲೆ, ಫೋಟೊ ಕೊಟ್ಟೆ. ಸಮೀಕ್ಷೆಯವರು ಬಂದು ನೋಡಿ ಪಟ್ಟಿಯ ಪ್ರತಿ ತೆಗೆದುಕೊಂಡು ಹೋದರು. ಕವರುಗಳ ಹಣ ಮಂಜೂರಾಗಿದೆ. ಬಾಗಿದ ತಟ್ಟೆಗಳದ್ದು ಶಾಖದಿಂದ ಆದದ್ದೋ ಪೆಟ್ಟಿನಿಂದ ಆದದ್ದೋ ಅಂತ ಕೇಳಿದ್ದಾರೆ. ಜಜ್ಜಿದ ಪೆಟ್ಟಿಗೆಯ ಫೋಟೊ ಮತ್ತೆ ಕಳಿಸಿದ್ದೇನೆ, ಉತ್ತರ ಬರಬೇಕಿದೆ.